ಹೇಳಿದ್ದನ್ನು ಹೇಳಿದ ಹಾಗೆ

ಬಲಗಾಲು ಮತ್ತೆ ನೆಲವನ್ನು ಒತ್ತಿತು. ಅಲ್ಲಿ ಒತ್ತುವುದಕ್ಕೆ ಏನೂ ಇರಲಿಲ್ಲ. ಪೆಡಲನ್ನು ಕಿತ್ತು ಹದಿನೆಂಟು ದಿನವಾಗಿತ್ತು. ಅದು ಕೂತಿದ್ದ ಜಾಗದಲ್ಲಿ ಚೌಕನೆಯ ಬಿಳಿಚು ಗುರುತೊಂದು ಉಳಿದಿತ್ತು, ಗೋಡೆಯಿಂದ ಫೋಟೋ ತೆಗೆದ ಮೇಲೆ ಉಳಿಯುವಂಥದ್ದು. ಇಪ್ಪತ್ತಾರು ವರ್ಷ ಕೆಲಸ ಒಂದೇ ರೀತಿ ನಡೆದಿತ್ತು: ಡಾಕ್ಟರುಗಳು ಮೇಲಿನ ಮಹಡಿಗಳಲ್ಲಿ ರೋಗಿಯನ್ನು ನೋಡಿ, ಕಂಡದ್ದನ್ನೂ ಕೊಡಬೇಕಾದ ಔಷಧಿಯನ್ನೂ ಯಂತ್ರದೊಳಕ್ಕೆ ಮಾತಾಡಿ ಇಡುವುದು, ಅವಳು ನೆಲಮಾಳಿಗೆಯಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡು ಅದನ್ನು ಕೇಳಿ ಟೈಪು ಮಾಡುವುದು. ಪೆಡಲು ಒತ್ತಿದರೆ ದನಿ ಹರಿಯುತ್ತಿತ್ತು, ಕಾಲೆತ್ತಿದರೆ ನಿಲ್ಲುತ್ತಿತ್ತು, ಹಿಮ್ಮಡಿ ಊರಿದರೆ ನಾಲ್ಕು ಮಾತು ಹಿಂದಕ್ಕೆ ಸರಿಯುತ್ತಿತ್ತು. ಎಂಥೆಂಥ ಡಾಕ್ಟರನ್ನೂ ಕಾಲಲ್ಲೇ ನಿಲ್ಲಿಸಿ ಹಿಂದಕ್ಕೆ ಕಳಿಸುವವಳು ತಾನೊಬ್ಬಳೇ ಎಂದು ಟೈಪಕ್ಕ ಒಂದು ಕಾಲದಲ್ಲಿ ನಗೆಯಾಡುತ್ತಿದ್ದಳು. ಟೈಪಕ್ಕ ಎನ್ನುವುದು ಆಸ್ಪತ್ರೆ ಇಟ್ಟ ಹೆಸರು. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಈಗ ಟೈಪು ಹೋಗಿ ಬರೀ ಅಕ್ಕ ಉಳಿದಿದ್ದಳು, ಆದರೆ ಕಾಲಿಗೆ ಅದು ತಿಳಿದಿರಲಿಲ್ಲ. ಮನೆಯಲ್ಲಿ ಗಂಡ ಊಟದ ಹೊತ್ತಿಗೆ ಒಂದೇ ಸಮನೆ ಮಾತಾಡುತ್ತ ಹೋದರೆ ಮೇಜಿನ ಕೆಳಗೆ ಅವಳ ಪಾದ ತಾನಾಗಿ ಮೇಲೇಳುತ್ತಿತ್ತು. ಗಂಡ ನಿಲ್ಲುತ್ತಿರಲಿಲ್ಲ. ಈವತ್ತು ಬೆಳಿಗ್ಗೆಯೂ ಅವನು, ಬರೆಯುವ ಕೆಲಸ ಮಿಷಿನ್ನಿನದು, ಹೂಂ ಅನ್ನುವ ಕೆಲಸ ನಿನ್ನದು, ಇದಕ್ಕಿಂತ ಸುಖ ಯಾವ ಮಹಾರಾಣಿಗಿದೆ ಎಂದಿದ್ದ. ಅವಳು ಹೂಂ ಎಂದಿದ್ದಳು.

ಮಿಷಿನ್ನಿಗೆ ಅದನ್ನು ತಂದು ಕೂರಿಸಿದವರು ಇಟ್ಟ ಹೆಸರು ಬೇರೆ ಏನೋ ಇತ್ತು. ವಾರ್ಡಿನ ನರ್ಸುಗಳು ಗಿಳಿ ಎಂದರು, ಅದೇ ನಿಂತುಬಿಟ್ಟಿತು. ಡಾಕ್ಟರು ಬಾಯಿ ಮುಚ್ಚುವಷ್ಟರಲ್ಲಿ ಗಿಳಿ ಬರೆದು ಮುಗಿಸಿರುತ್ತಿತ್ತು. ಕೆಮ್ಮಿದ್ದನ್ನು ಬಿಟ್ಟು, 'ಆ', 'ಏನು' ಎಂದು ತಡವರಿಸಿದ್ದನ್ನು ಬಿಟ್ಟು, ಉಳಿದದ್ದೆಲ್ಲ ಅಚ್ಚುಕಟ್ಟಾಗಿ ಅವಳ ಪರದೆಯ ಮೇಲೆ ಬಂದು ಕೂರುತ್ತಿತ್ತು. ಅವಳು ಅದನ್ನು ಓದಿ, ಕಾಗುಣಿತ ನೋಡಿ, ಹಸಿರು ಗುಂಡಿ ಒತ್ತಬೇಕು. ಗುಂಡಿಯ ಮೇಲೆ 'ಸರಿ' ಎಂದಿತ್ತು. ಪಕ್ಕದಲ್ಲಿ 'ಭಿನ್ನತೆ' ಎಂಬ ಹಳದಿ ಗುಂಡಿಯೊಂದಿತ್ತು. ಡಾಕ್ಟರು ಹೇಳಿದ್ದೊಂದು, ಗಿಳಿ ಬರೆದದ್ದು ಇನ್ನೊಂದು ಆದಾಗ ಮಾತ್ರ ಅದನ್ನು ಒತ್ತಬೇಕು, ಸುಮ್ಮಸುಮ್ಮನೆ ಒತ್ತಿದರೆ ಒತ್ತಿದವರ ಹೆಸರಿನ ಮುಂದೆ ಗುರುತು ಬೀಳುತ್ತದೆ. ಮೊದಲೆಲ್ಲ ಅವಳು ಟೈಪು ಮಾಡಿದ ಹಾಳೆ ಡಾಕ್ಟರ ಮೇಜಿಗೆ ಹೋಗಿ, ಅವರು ಓದಿ ರುಜು ಹಾಕಿ, ಆಮೇಲೆ ಔಷಧಿ ಕೌಂಟರಿಗೆ ಹೋಗುತ್ತಿತ್ತು. ಈಗ ಡಾಕ್ಟರ ದನಿಯೇ ರುಜು. ಅವಳು ಸರಿ ಒತ್ತಿದ ಕ್ಷಣಕ್ಕೆ ಕೌಂಟರಿನವನ ಪರದೆಯಲ್ಲಿ ಮಾತ್ರೆಯ ಹೆಸರೂ ಸಂಖ್ಯೆಯೂ ಮೂಡುತ್ತವೆ, ಅವನು ಎಣಿಸಿ ಕೊಡುತ್ತಾನೆ. ಅವನಿಗೂ ಒಂದು ಹಳದಿ ಗುಂಡಿ ಇದೆ, ಅವನಿಗೂ ಗುರುತಿನ ಭಯ ಇದೆ. ಹೋದ ವಾರ ಈ ಕೋಣೆಯ ಫೋನನ್ನೂ ಗಿಳಿಗೆ ಜೋಡಿಸಿದ್ದರು. ರೋಗಿಗಳ ಜೊತೆ ಆಡಿದ ಮಾತೂ ದಾಖಲೆಗೆ ಸೇರಬೇಕಂತೆ. ಮೊದಲ ದಿನ ಲೈನು ಸರಿಯಿಲ್ಲದೆ ಅವಳು ಏಳು ಸಲ ಹಲೋ ಅಂದಿದ್ದು ಏಳು ಸಾಲಾಗಿ ಪರದೆಯ ಮೇಲೆ ನಿಂತಿತ್ತು. ಏಳಕ್ಕೂ ಸರಿ ಒತ್ತಿದ್ದಳು.

ಕೋಣೆಗಿದ್ದ ಒಂದೇ ಕಿಟಕಿ ಸೂರಿಗೆ ಅಂಟಿಕೊಂಡಿತ್ತು. ಅದರಲ್ಲಿ ಕಾಣುವುದು ಹೊರಗಿನ ದಾರಿಯಲ್ಲಿ ನಡೆಯುವವರ ಮೊಣಕಾಲಿನಿಂದ ಕೆಳಗೆ. ಚಪ್ಪಲಿ, ಊರುಗೋಲು, ಗಾಲಿಕುರ್ಚಿಯ ಚಕ್ರ. ಎಳೆಯುತ್ತ ಬಂದ ಕಾಲು ವಾರ ಬಿಟ್ಟು ನೆಟ್ಟಗೆ ನಡೆದುಹೋದರೆ, ಆ ಕಾಲಿನ ಕಾಗದವನ್ನು ತಾನು ಟೈಪು ಮಾಡಿರಬಹುದು ಎಂದು ಅವಳಿಗೆ ಹಿತವಾಗುತ್ತಿತ್ತು. ಆ ಹಿತವೂ ಸೋಮವಾರದ ಮೀಟಿಂಗಿನಲ್ಲಿ ಹೋಯಿತು. ಎರಡನೇ ಮಹಡಿಯ ಉದ್ದನೆ ಮೇಜು. ಗುಣಮಟ್ಟದ ಅಧಿಕಾರಿ, ಮೂವತ್ತು ದಾಟದ ಹೆಣ್ಣುಮಗಳು, ಬಹಳ ವಿನಯದವಳು, ಗೋಡೆಯ ಮೇಲಿನ ಪರದೆಯಲ್ಲಿ ನಕ್ಷೆಯ ಎರಡು ಕಂಬ ತೋರಿಸಿದಳು. ಹಳೆಯ ನಾನೂರು ಧ್ವನಿಗಳನ್ನು ಗಿಳಿಯಿಂದ ಬರೆಸಿ, ಅವುಗಳಿಗೆ ಟೈಪಕ್ಕ ಹಿಂದೆ ಮಾಡಿಟ್ಟ ಹಾಳೆಗಳ ಪಕ್ಕ ಇಟ್ಟು ನೋಡಿದ್ದರಂತೆ. ಗಿಳಿ ಡಾಕ್ಟರ ಮಾತಿನಿಂದ ಆಚೀಚೆ ಸರಿದದ್ದು ನೂರಕ್ಕೆ ಒಂದು. ಟೈಪಕ್ಕ ನೂರಕ್ಕೆ ಆರು. ಇದನ್ನ ತಪ್ಪು ಅಂತ ಕರೆಯಲ್ಲ ಮೇಡಂ, ಭಿನ್ನತೆ ಅಂತೀವಿ, ಎಂದು ಹುಡುಗಿ ಅವಳ ಕಡೆ ನೋಡಿ ನಕ್ಕಳು. ಸೂಜಿ ಚುಚ್ಚುವ ಮೊದಲು ನರ್ಸುಗಳು ನಗುತ್ತಾರಲ್ಲ, ಹಾಗೆ. ಆಮೇಲೆ ಉದಾಹರಣೆಗಳು ಬಂದವು. ಡಾಕ್ಟರು ಎಡಗಾಲು ಎಂದಿದ್ದಾರೆ, ಹಾಳೆಯಲ್ಲಿ ಬಲಗಾಲು ಎಂದಿದೆ. ಡಾಕ್ಟರು ಎರಡೂ ಮೂತ್ರಪಿಂಡ ಚೆನ್ನಾಗಿವೆ ಎಂದಿದ್ದಾರೆ, ಹಾಳೆಯಲ್ಲಿ ಉಳಿದಿರುವ ಒಂದು ಮೂತ್ರಪಿಂಡ ಎಂದಿದೆ. ಯಾರೋ ಕಿಸಕ್ಕೆಂದರು. ನಕ್ಕವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಆ ರೋಗಿಗೆ ಒಂದು ಮೂತ್ರಪಿಂಡವನ್ನು ತೆಗೆದು ಒಂಬತ್ತು ವರ್ಷವಾಗಿತ್ತು ಎಂಬುದು ಅವಳಿಗೆ ಗೊತ್ತಿತ್ತು, ತೆಗೆದ ದಿನದ ವರದಿಯನ್ನು ಅವಳೇ ಟೈಪು ಮಾಡಿದ್ದಳು. ಮೇಜಿನ ಸುತ್ತ ಕೂತವರೆಲ್ಲ ಹಾಳೆಯನ್ನು ಮಾತಿಗೆ ಹೋಲಿಸಿದ್ದರು. ರೋಗಿಗೆ ಹೋಲಿಸಿ ನೋಡೋಣ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಮತ್ತು ಆ ಅಷ್ಟೂ ಮಾತು ಒಬ್ಬರವೇ. ಅವರು ಎದುರಿಗೇ ಕೂತಿದ್ದರು. ದೊಡ್ಡ ಡಾಕ್ಟರು. ಎಲ್ಲರೂ ನಕ್ಕ ಮೇಲೆ ಅವರೂ ನಕ್ಕು, ನನ್ನ ಕಣ್ಣಿನ ಹಾಗೆ ಟೈಪಕ್ಕನ ಕಿವಿಯೂ ಹಳೇದಾಯ್ತು ಅಂತ ಕಾಣುತ್ತೆ, ಎಂದರು.

ಆಗ ಬಾಯಿ ಬಿಡಬಹುದಿತ್ತು. ಆ ರೋಗಿಯ ಹಳೆಯ ಕಡತ ತರಿಸಿ ಎನ್ನುವ ನಾಲ್ಕು ಮಾತು ಸಾಕಿತ್ತು. ಅವಳು ಮೇಜಿನ ಮೇಲಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಳು. ಮನೆಗೆ ಹೋಗುವ ಬಸ್ಸಿನಲ್ಲಿ, ದೊಡ್ಡವರ ಮಾನ ಕಾಪಾಡಿದೆ ಎಂದು ತನಗೆ ತಾನೇ ಹೇಳಿಕೊಂಡಳು, ಇಳಿಯುವ ಹೊತ್ತಿಗೆ ಅದು ಸುಳ್ಳು ಎಂದು ಗೊತ್ತಾಗಿತ್ತು. ಎಂಟು ವರ್ಷದ ಹಿಂದೆ ಅವರು ಮೊದಲ ಸಲ ಬಲವನ್ನು ಎಡ ಎಂದಾಗ ಅವಳು ಹಿಮ್ಮಡಿ ಊರಿ ಮೂರು ಸಲ ಕೇಳಿಸಿಕೊಂಡಿದ್ದಳು. ಆಯಾಸವಿರಬೇಕು ಎಂದು ತಿದ್ದಿದಳು. ತಿಂಗಳಿಗೊಂದು ಇದ್ದದ್ದು ವಾರಕ್ಕೊಂದಾಯಿತು, ಈಚೆಗೆ ಎರಡು ವರ್ಷದಿಂದ ದಿನವೂ ಒಂದಲ್ಲ ಒಂದು. ಹೇಳಿದರೆ ಅವರ ಮರ್ಯಾದೆ, ಹೇಳದಿದ್ದರೆ ರೋಗಿಯ ಪ್ರಾಣ. ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪ. ಆದರೆ ತುಪ್ಪ ರುಚಿಯಾಗಿಯೂ ಇತ್ತು, ಅದು ನಿಜ. ಮೂರನೇ ಮಹಡಿಯಲ್ಲಿ ಎಲ್ಲರೂ ಎದ್ದು ನಿಲ್ಲುವ ಮನುಷ್ಯನನ್ನು ನೆಲಮಾಳಿಗೆಯಲ್ಲಿ ಕೂತ ತಾನು ಎತ್ತಿ ಹಿಡಿದಿದ್ದೇನೆ ಎಂಬುದು ಅವಳೊಬ್ಬಳಿಗೇ ಗೊತ್ತಿದ್ದ ಸಂಗತಿ, ಆ ಗುಟ್ಟಿನ ಜಂಬದ ಮೇಲೆ ಅವಳು ಎಂಟು ವರ್ಷ ಬದುಕಿದ್ದಳು. ಕರುಣೆ, ನಿಷ್ಠೆ ಎಂದೆಲ್ಲ ಕರೆದರೆ ಚೆನ್ನಾಗಿ ಕೇಳಿಸುತ್ತದೆ, ಅಷ್ಟೆ.

ತಿದ್ದುವುದು ಅವಳಿಗೆ ಈ ಕೋಣೆಯಲ್ಲಿ ಬಂದ ವಿದ್ಯೆಯೇನಲ್ಲ. ಎಂಟು ವರ್ಷದ ಹುಡುಗಿಯಾಗಿದ್ದಾಗ ಅಪ್ಪ ಅಮ್ಮ ಒಬ್ಬರ ಜೊತೆ ಒಬ್ಬರು ಮಾತು ಬಿಟ್ಟರು. ಒಂದೇ ಸೂರಿನ ಕೆಳಗೆ, ಎರಡು ಕೋಣೆಗಳಲ್ಲಿ, ಹನ್ನೊಂದು ವರ್ಷ. ಮಾತು ಹೊರುವವಳು ಅವಳು. ನಿಮ್ಮಮ್ಮನಿಗೆ ಹೇಳು, ಅವಳ ಮುಖ ನೋಡಿದರೆ ಅನ್ನ ಇಳಿಯಲ್ಲ ಅಂತ, ಎಂದು ಅಪ್ಪ ಕಳಿಸುತ್ತಿದ್ದ. ನಡುವಿನ ಹಜಾರ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯಲ್ಲಿ ಮಾತು ಬದಲಾಗುತ್ತಿತ್ತು. ಅಪ್ಪನಿಗೆ ಈವತ್ತು ಹಸಿವಿಲ್ಲವಂತೆ, ನೀನು ಊಟ ಮಾಡಬೇಕಂತೆ, ಎಂದು ಅವಳು ಅಮ್ಮನಿಗೆ ಹೇಳುತ್ತಿದ್ದಳು. ಅಮ್ಮನ ಮುಖ ಒಂದು ಗಳಿಗೆ ಸಡಿಲವಾಗುತ್ತಿತ್ತು. ಹಾಗೆ ಸಡಿಲವಾಗುವುದನ್ನು ನೋಡುವುದಕ್ಕಾಗಿ ಅವಳು ಹೊಸ ಹೊಸ ಮಾತು ಕಟ್ಟಿದಳು, ಅಮ್ಮನ ತಲೆನೋವು ಹೇಗಿದೆ ಎಂದು ಅಪ್ಪ ಕೇಳಿದ ಎಂದಳು, ಅಪ್ಪ ಯಾವತ್ತೂ ಕೇಳಿರಲಿಲ್ಲ. ಮಾತು ಆಡಿದರೆ ಹೋಯ್ತು ಎನ್ನುತ್ತಾರೆ. ಅವಳ ಕೈಯಲ್ಲಿ ಮಾತ್ರ ಆಡಿದ ಮಾತೂ ವಾಪಸು ಬರುತ್ತಿತ್ತು, ತೊಳೆದು ಇಸ್ತ್ರಿ ಮಾಡಿಕೊಂಡು.

ಹನ್ನೊಂದೂವರೆಗೆ ಪರದೆಯ ಮೇಲೆ ಹೊಸ ಕಾಗದ ಬಂತು. ದೊಡ್ಡ ಡಾಕ್ಟರದು. ನಲವತ್ತೆರಡು ವರ್ಷದ ಹೆಂಗಸು, ಹೊಲಿಗೆ ಕೆಲಸ, ಎರಡೂ ಕೈಯ ಬೆರಳ ಗಂಟುಗಳಲ್ಲಿ ಬಾವು, ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ. ಕೀಲುವಾತದ ಆ ಹಳದಿ ಮಾತ್ರೆ, ದಿನಕ್ಕೊಂದು, ಒಂದು ತಿಂಗಳು. ಅವಳ ಕಣ್ಣು ದಾಟಿಹೋಗಿ ಮತ್ತೆ ಹಿಂದಕ್ಕೆ ಬಂತು. ಆ ಮಾತ್ರೆಯನ್ನು ವಾರಕ್ಕೊಂದರಂತೆ ಕೊಡುತ್ತಾರೆ. ವಾರದಲ್ಲಿ ಒಂದೇ ದಿನ, ದಿನ ಗೊತ್ತು ಮಾಡಿ, ಅದನ್ನು ಚೀಟಿಯಲ್ಲಿ ದಪ್ಪಗೆ ಬರೆದು. ದಿನವೂ ತಗೊಂಡರೆ ಮೊದಲು ಬಾಯಿಯೆಲ್ಲ ಹುಣ್ಣು, ಆಮೇಲೆ ರಕ್ತ ಕೆಡುತ್ತದೆ, ಆಮೇಲೆ ಏನೂ ಉಳಿಯುವುದಿಲ್ಲ. ಬೇರೆ ಕಡೆಯಿಂದ ತಡವಾಗಿ ಬಂದ ಅಂಥ ಇಬ್ಬರ ಸಾವಿನ ವರದಿಯನ್ನು ಅವಳು ಟೈಪು ಮಾಡಿದ್ದಳು. ಗಿಳಿ ತಪ್ಪಿರಬೇಕು ಎಂಬ ಆಸೆಯಿಂದ ಹೆಡ್‌ಫೋನ್ ಹಾಕಿ ಕೇಳಿದಳು. ದೊಡ್ಡ ಡಾಕ್ಟರ ದನಿ ನಿಧಾನವಾಗಿ, ಸ್ಪಷ್ಟವಾಗಿ, ದಿನಕ್ಕೊಂದು ಎಂದಿತು. ಇನ್ನೊಂದು ಸಲ ಕೇಳಿದಳು. ಮೂರನೇ ಸಲ ಕೇಳುವಾಗ ಅದೇ ದನಿ ಟೈಪಕ್ಕನ ಕಿವಿಯೂ ಹಳೇದಾಯ್ತು ಎಂದ ಹಾಗಾಯಿತು. ಕಾಲು ನೆಲವನ್ನು ಒತ್ತುತ್ತಲೇ ಇತ್ತು. ಹಳದಿ ಗುಂಡಿ ಒತ್ತುವ ಹಾಗಿಲ್ಲ. ಡಾಕ್ಟರು ಹೇಳಿದ್ದನ್ನೇ ಗಿಳಿ ಬರೆದಿದೆ, ಭಿನ್ನತೆ ಎಲ್ಲಿಂದ ಬಂತು? ಈವರೆಗೆ ಮಾಡಿದ ಹಾಗೆ ಕಾಗುಣಿತದ ನೆಪದಲ್ಲಿ ತಿದ್ದಿ ಕಳಿಸಿದರೂ, ಹಳದಿ ಒತ್ತಿದರೂ, ನೂರಕ್ಕೆ ಆರು ಏಳಾಗುತ್ತದೆ, ಆ ವಿನಯದ ಹುಡುಗಿ ಮತ್ತೆ ನಗುತ್ತಾಳೆ. ಹೀಗೆಲ್ಲ ಲೆಕ್ಕ ಹಾಕಿದ್ದು ಆಮೇಲೆ. ಆ ಹೊತ್ತಿನಲ್ಲಿ ಇದ್ದದ್ದು ಒಂದೇ ಯೋಚನೆ, ಅದು ಯೋಚನೆಯೂ ಅಲ್ಲ, ನಾಲಿಗೆಯ ಬುಡದಲ್ಲಿ ಕಹಿ: ಹೋಗಲಿ. ಒಂದು ಸಲ ಹೇಳಿದ್ದು ಹೇಳಿದ ಹಾಗೇ ಹೋಗಲಿ. ಯಾರು ಯಾರನ್ನು ಹೊತ್ತುಕೊಂಡಿದ್ದರು ಅಂತ ಗೊತ್ತಾಗಲಿ. ಸರಿ ಒತ್ತಿದಳು. ಕಾಗದ ಪರದೆಯಿಂದ ಮೇಲಕ್ಕೆ ಸರಿದು ಮಾಯವಾಯಿತು, ಅದರ ಜಾಗದಲ್ಲಿ ಯಾರದೋ ಕಿವಿನೋವು ಬಂದು ಕೂತಿತು.

ಊಟದ ಕೋಣೆಯಲ್ಲಿ ಬುತ್ತಿ ಬಿಚ್ಚಿದಳು. ಎದುರಿನ ಬೆಂಚಿನಲ್ಲಿ ಎಕ್ಸ್‌ರೇ ತೆಗೆಯುವವನು ಯಾರದೋ ಮೊಬೈಲು ಕಳುವಾದ ಕಥೆ ಹೇಳುತ್ತ, ಕದ್ದವರಿಗೆ ಅವರ ಮುಖವೇ ಹೇಳುತ್ತೆ ಬಿಡಿ, ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳು ಕೆನ್ನೆ ಒರೆಸಿಕೊಂಡಳು. ಹೊಲಿಗೆಯವಳು ಇನ್ನೂ ಕೌಂಟರಿನ ಸಾಲಿನಲ್ಲೇ ಇರಬಹುದು. ಎದ್ದು ಹೋದರೆ ಇಪ್ಪತ್ತು ಹೆಜ್ಜೆ. ಏಳಲಿಲ್ಲ. ಹಳೆಯ ದಿನವೊಂದು ನೆನಪಾಯಿತು: ಅಪ್ಪ ಸತ್ತು ತಿಂಗಳಾದ ಮೇಲೆ ಅವನ ಅಂಗಿಗಳನ್ನು ಯಾರಿಗಾದರೂ ಕೊಡೋಣವೆಂದು ಅಮ್ಮ ಮಡಚುತ್ತಿದ್ದಳು, ಪಕ್ಕದಲ್ಲಿ ಅವಳು. ಅಪ್ಪನಿಗೆ ನಿನ್ನ ಮೇಲೆ ಒಳಗೊಳಗೇ ಪ್ರೀತಿ ಇತ್ತು ಬಿಡು, ಅವನು ಹೇಳಿ ಕಳಿಸುತ್ತಿದ್ದ ಮಾತು ಸುಮ್ಮನೇನಾ, ಎಂದು ಅಮ್ಮನೇ ಅಂದಿದ್ದಳು. ಆಗ ಯಾಕೆ ನಿಜ ಹೇಳಬೇಕು ಅನ್ನಿಸಿತೋ. ಹೊಗಳಿಕೆ ಬೇಕಿತ್ತು, ಅಷ್ಟೆ. ಇಷ್ಟು ಪುಟ್ಟವಳು ಮನೆ ಉಳಿಸಿದೆಯಲ್ಲೇ ಎಂದು ಅಮ್ಮ ತಬ್ಬಿಕೊಳ್ಳಬೇಕಿತ್ತು. ಅವಳು ಒಂದೊಂದಾಗಿ ಎಲ್ಲವನ್ನೂ ಹೇಳಿದಳು, ಅಪ್ಪ ಅಂದದ್ದು ಇದು, ನಾನು ನಿನಗೆ ಹೇಳಿದ್ದು ಇದು. ಅಮ್ಮ ಅಂಗಿಯ ಕಾಲರು ನೇವರಿಸುತ್ತ ಕೇಳಿಸಿಕೊಂಡಳು. "ಅಂದದ್ದನ್ನ ಅಂದ ಹಾಗೇ ಹೇಳಿದ್ರೆ ನಾನು ಆವತ್ತೇ ಎದ್ದು ಹೋಗಿರ್ತಿದ್ದೆ ಕಣೇ," ಎಂದಳು ಕೊನೆಗೆ. "ಆಗ ನನಗೆ ಮೂವತ್ತೊಂದು." ಮತ್ತೆ ಮಡಚುವುದಕ್ಕೆ ಕೂತಳು. ಆಮೇಲೆ ಬದುಕಿದ್ದ ಆರು ವರ್ಷ ಅಮ್ಮ ಆ ಮಾತನ್ನು ಎತ್ತಲಿಲ್ಲ, ಅವಳ ಕೈಯಿಂದ ಒಂದು ಲೋಟ ನೀರು ಇಸಿದುಕೊಳ್ಳುವಾಗಲೂ ಒಂದು ಗಳಿಗೆ ಲೋಟದೊಳಕ್ಕೆ ನೋಡುತ್ತಿದ್ದಳು.

ಬುತ್ತಿಯನ್ನು ಹಾಗೇ ಮುಚ್ಚಿ ಕೌಂಟರಿಗೆ ಹೋದಾಗ ಒಂದೂ ಮುಕ್ಕಾಲು. ಹೊಲಿಗೆಯವಳು ಮಾತ್ರೆ ತೆಗೆದುಕೊಂಡು ಹೋಗಿ ಗಂಟೆ ಮೇಲಾಯಿತು ಎಂದ ಕೌಂಟರಿನವನು. ಮೂವತ್ತು ಕೊಟ್ಟೆ, ಪರದೇಲಿ ಮೂವತ್ತಿತ್ತು, ಎಂದು ಕೇಳದೆ ಇದ್ದರೂ ಸೇರಿಸಿದ, ಅವಳ ಕಣ್ಣು ತಪ್ಪಿಸಿದ. ಅವನಿಗೂ ಗೊತ್ತಿತ್ತೋ ಏನೋ. ಅವಳು ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದಳು.

ದೊಡ್ಡ ಡಾಕ್ಟರ ಕೋಣೆಯಲ್ಲಿ ಕಿಟಕಿಯ ಪರದೆ ಅರ್ಧ ಎಳೆದಿತ್ತು. ಅವರು ಕನ್ನಡಕ ಹಣೆಗೇರಿಸಿಕೊಂಡು ಮೇಜಿನ ಮೇಲೆ ಕನ್ನಡಕ ಹುಡುಕುತ್ತಿದ್ದರು. ಬಾಮ್ಮ, ಕೂತ್ಕೋ, ಎಂದರು; ಈ ಮನುಷ್ಯ ಯಾವತ್ತೂ ಅವಳನ್ನು ನಿಲ್ಲಿಸಿ ಮಾತಾಡಿಸಿದವರಲ್ಲ. ಕೂರದೆ ಹೇಳಿದಳು, ಹೊಲಿಗೆಯವಳ ಕಾಗದದಲ್ಲಿ ಹಳದಿ ಮಾತ್ರೆ ದಿನಕ್ಕೊಂದು ಎಂದು ಹೋಗಿದೆ, ಮೂವತ್ತು ಮಾತ್ರೆ ಕೊಟ್ಟಾಗಿದೆ. ಗಿಳಿ ತಪ್ಪು ಕೇಳಿಸಿಕೊಂಡಿರಬೇಕು ಎಂದರು ಅವರು. ಇಲ್ಲ ಸರ್, ನೀವೇ ಹಾಗಂದಿದೀರ, ನಾನು ಮೂರು ಸಲ ಕೇಳಿದೆ, ಎಂದಳು. ಅವರು ಕನ್ನಡಕ ಹುಡುಕುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು. ಆ ನೋಟದಲ್ಲಿ ಆಶ್ಚರ್ಯ ಇರಲಿಲ್ಲ. ದಿನವೂ ತೆರೆಯುವ ಬಾಗಿಲು ಈವತ್ತು ಯಾಕೆ ತೆರೆಯಲಿಲ್ಲ ಎಂದು ನೋಡುವವರ ಹಾಗೆ ನೋಡಿದರು.

"ನೀನು ಯಾಕಮ್ಮ ತಿದ್ದಲಿಲ್ಲ?"

ಅವಳಿಗೆ ಕೂರಬೇಕು ಅನ್ನಿಸಿತು, ಕೂತಳು. ಗೊತ್ತಿತ್ತಾ ಸರ್ ನಿಮಗೆ, ಎಂದು ಕೇಳಿದ್ದು ತನ್ನ ದನಿಯೇ ಎಂದು ಸ್ವಲ್ಪ ತಡವಾಗಿ ತಿಳಿಯಿತು.

"ಗೊತ್ತಿಲ್ದೆ ಏನು. ರುಜು ಹಾಕೋವಾಗ ಓದ್ತಿದ್ನಲ್ಲ. ನೀನು ಕೆಳಗಿದೀಯ ಅನ್ನೋ ಧೈರ್ಯದ ಮೇಲೇ ನಾನು ಇಲ್ಲಿ ಕೂತಿದ್ದೆ."

ಹಾಗಾದರೆ ಗುಟ್ಟು ಅವಳೊಬ್ಬಳದಾಗಿರಲಿಲ್ಲ. ಎಂಟು ವರ್ಷ ಅವಳು ಎದೆಯಲ್ಲಿ ಮುಚ್ಚಿಟ್ಟುಕೊಂಡ ನಿಧಿಯನ್ನು ಈ ಮನುಷ್ಯ ಊರುಗೋಲಿನ ಹಾಗೆ ಊರಿಕೊಂಡು ಓಡಾಡಿದ್ದರು, ಸೋಮವಾರ ಎಲ್ಲರ ಎದುರು ಆ ಊರುಗೋಲನ್ನೇ ತೋರಿಸಿ ನಕ್ಕಿದ್ದರು. ಮೀಟಿಂಗಲ್ಲಿ ನಕ್ಕಿರಲ್ಲ ಸರ್, ಎಂದಳು. ನಗದೆ ಏನು ಮಾಡಲಿ, ರಿಟೈರಾಗೋಕೆ ಇನ್ನು ನಾಲ್ಕು ತಿಂಗಳು, ಮರ್ಯಾದೆಯಾಗಿ ಮುಗಿಸಿ ಹೋಗೋಣ ಅಂತ, ಎಂದು ಅವರು ಕೈ ನೋಡಿಕೊಂಡರು. ಮೊದಲಿನ ಹಾಗೆ ಸದ್ದಿಲ್ಲದೆ ಸರಿ ಮಾಡಿಬಿಡು ಎಂದರು. ಸರಿ ಒತ್ತಿದ ಮೇಲೆ ಅದು ಅವಳ ಕೈಯಲ್ಲಿಲ್ಲ, ಅವರು ತಮ್ಮ ದನಿಯಲ್ಲೇ ಗಿಳಿಗೆ ಹೇಳಿ ಬದಲಾಯಿಸಬೇಕು, ಬದಲಾಯಿಸಿದ್ದು ಗುಣಮಟ್ಟದ ಅಧಿಕಾರಿಗೆ ಹೋಗುತ್ತದೆ ಎಂದು ಅವಳು ವಿವರಿಸಿದಳು. ಅವರು ಯಂತ್ರದ ಕಡೆ ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಮಗುವಿಗೆ ಸಮಾಧಾನ ಹೇಳುವ ದನಿಯಲ್ಲಿ, ಒಂದೆರಡು ಮಾತ್ರೆಗೆ ಏನೂ ಆಗಲ್ಲಮ್ಮ, ಮುಂದಿನ ತಿಂಗಳು ತೋರಿಸೋಕೆ ಬರ್ತಾಳಲ್ಲ, ಆವಾಗ ನೋಡೋಣ, ಎಂದರು. ದಿನವೂ ನುಂಗಿದರೆ ಆ ಹೆಂಗಸು ಮುಂದಿನ ತಿಂಗಳು ತೋರಿಸಲು ಬರುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಮರೆತಿರುವುದು ಸಾಧ್ಯವಿತ್ತು, ಆದರೆ ಮರೆತವರು ಯಂತ್ರದ ಮುಂದೆ ಹಾಗೆ ಬಾಯಿ ಮುಚ್ಚಿಕೊಳ್ಳುವುದಿಲ್ಲ. ಅವಳಿಗೆ ಅವರ ಮೇಲೆ ಅಸಹ್ಯವಾಯಿತು. ಹಿಂದೆಯೇ, ಎಂಟು ವರ್ಷದ ಕೆಳಗೆ ಆ ಮೊದಲ ಎಡಗಾಲನ್ನು ಎಡಗಾಲಾಗಿಯೇ ಬಿಟ್ಟಿದ್ದರೆ ಈ ಮನುಷ್ಯ ಆವತ್ತೇ ಸಿಕ್ಕಿಬಿದ್ದು, ಯಾರೋ ಕೈ ಹಿಡಿದು ಮನೆಗೆ ಕಳಿಸಿ, ಈವತ್ತು ಎಲ್ಲೋ ಗಿಡಕ್ಕೆ ನೀರು ಹಾಕಿಕೊಂಡಿರುತ್ತಿದ್ದರು ಅನ್ನಿಸಿತು. ಹಣೆಯ ಮೇಲಿನ ಕನ್ನಡಕವನ್ನು ತೋರಿಸಿ ಎದ್ದು ಬಂದಳು.

ಕೆಳಗೆ ಬಂದು ಫೋನೆತ್ತಿ, ಹೊಲಿಗೆಯವಳ ಕಡತದಲ್ಲಿದ್ದ ನಂಬರು ಒತ್ತಿದಳು. ಆ ಕಡೆ ಮೊದಲು ಕೇಳಿಸಿದ್ದು ಹೊಲಿಗೆ ಯಂತ್ರದ ಕಟಕಟ. ನೋಯುವ ಬೆರಳಲ್ಲೂ ಹೊಲಿಯುತ್ತಿದ್ದಳು. ಆಸ್ಪತ್ರೆಯಿಂದ ಎಂದಳು ಟೈಪಕ್ಕ, ಡಾಕ್ಟರೇ ಹೇಳಿ ಕಳಿಸಿದ್ದಾರೆ, ನಿಮಗೆ ಆ ಹಳದಿ ಮಾತ್ರೆ ವಾರಕ್ಕೊಂದು ಸಾಕಂತೆ. ಮಾತು ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು, ಹಜಾರದ ಹತ್ತು ಹೆಜ್ಜೆ ಮತ್ತೆ ನಡೆದು ಬಂದಿದ್ದಳು. ತೊಳೆದ ಮಾತು, ಇಸ್ತ್ರಿ ಮಾಡಿದ ಮಾತು. ಹೊಲಿಗೆಯವಳು ಯಂತ್ರ ನಿಲ್ಲಿಸಲಿಲ್ಲ. ವಾರಕ್ಕೊಂದಾದರೆ ನೋವು ಯಾವಾಗ ಹೋಗಬೇಕು, ಒಂದು ಈಗಾಗಲೇ ತಗೊಂಡಿದ್ದೀನಿ, ಪುಣ್ಯಾತ್ಮರು ನನ್ನ ಬೆರಳು ಮುಟ್ಟಿ ನೋಡಿ ದಿನಾ ತಗೋ ಅಂದರು, ಕಂಪ್ಯೂಟರ್ ಚೀಟಿಯಲ್ಲೂ ಹಾಗೇ ಇದೆ, ಎಂದಳು. ಸಾಕಂತೆ ಅಂದರೆ, ದಿನಾ ತಗೊಂಡರೂ ನಡೆಯುತ್ತೆ ಅಂತ ತಾನೇ? ಮದುವೆ ಬಟ್ಟೆಗಳಿವೆ, ಕೈ ಬೇಗ ಸರಿಹೋಗಬೇಕು. ಅಂದ ಹಾಗೆ ನೀವ್ಯಾರು, ನರ್ಸಾ? ಅಲ್ಲ, ಟೈಪು ಮಾಡುವವಳು, ಎಂದಳು. ಓ, ಎಂದಳು ಹೊಲಿಗೆಯವಳು, ಕಟಕಟ ಮುಂದುವರಿಯಿತು. ಟೈಪಕ್ಕನ ಬಲಗಾಲು ಮೇಲೆದ್ದಿತು, ಯಾವುದೂ ನಿಲ್ಲಲಿಲ್ಲ.

"ಯಂತ್ರ ನಿಲ್ಸಿ, ಕೇಳಿ," ಎಂದಳು. "ಡಾಕ್ಟರು ತಪ್ಪು ಹೇಳಿದ್ರು. ಅವರಿಗೆ ನೆನಪು ಹೋಗ್ತಾ ಇದೆ, ಎಂಟು ವರ್ಷ ಆಯ್ತು. ದಿನಾ ತಗೊಂಡ್ರೆ ನೀವು ಸಾಯ್ತೀರ. ಅದು ನನಗೆ ಬೆಳಿಗ್ಗೆ ಹನ್ನೊಂದೂವರೆಗೇ ಗೊತ್ತಿತ್ತು. ಗೊತ್ತಿದ್ದೂ ಸರಿ ಅಂತ ಒತ್ತಿದೆ."

ಕಟಕಟ ನಿಂತಿತು. ಎಲ್ಲೋ ರೇಡಿಯೋ ಹಾಡುತ್ತಿತ್ತು, ಅದನ್ನೂ ಯಾರೋ ನಿಲ್ಲಿಸಿದರು.

"ಯಾಕೆ?"

ಉತ್ತರಗಳು ಬೇಕಾದಷ್ಟಿದ್ದವು. ಹಳದಿ ಗುಂಡಿಯ ನಿಯಮ ಇತ್ತು, ಕಂಬಗಳಿದ್ದವು, ನಗು ಇತ್ತು, ಇಪ್ಪತ್ತಾರು ವರ್ಷ ಇತ್ತು. ಯಾವುದನ್ನು ಎತ್ತಿಕೊಂಡರೂ ಅದು ಕೈಯಲ್ಲೇ ಮೆತ್ತಗಾಗುತ್ತಿತ್ತು. ಸಿಟ್ಟಿತ್ತು, ಎಂದಳು. ನನ್ನ ಮೇಲಾ ಎಂದು ಕೇಳಿದಳು ಹೊಲಿಗೆಯವಳು, ನಿಜವಾಗಿಯೂ ತಿಳಿಯದವಳ ಹಾಗೆ, ತಾನೇನಾದರೂ ತಪ್ಪು ಮಾಡಿದೆನೇ ಎಂದು ನೆನಪಿಸಿಕೊಳ್ಳುವವಳ ಹಾಗೆ. ನಿಮ್ಮ ಮೇಲಲ್ಲ. ಈಗ ಒಂದು ತಗೊಂಡಾಯ್ತಲ್ಲ, ಏನು ಮಾಡಲಿ? ಅದು ಈ ವಾರದ್ದು ಎಂದುಕೊಳ್ಳಿ, ಎಂದಳು ಟೈಪಕ್ಕ, ಮುಂದಿನ ವಾರ ಇದೇ ದಿನದವರೆಗೆ ಮುಟ್ಟಬೇಡಿ, ಅದಕ್ಕೂ ಮೊದಲು, ನಾಳೆ ಬೆಳಿಗ್ಗೆಯೇ, ಚೀಟಿ ಮಾತ್ರೆ ಎರಡೂ ತಂದು ಬೇರೆ ಡಾಕ್ಟರಿಗೆ ತೋರಿಸಿ. ಹೊಲಿಗೆಯವಳು ಬೈಯಬಹುದು ಎಂದು ಅವಳು ಕಾದಳು. ಬೈದಿದ್ದರೆ ಒಂದಿಷ್ಟು ಹಗುರವಾಗುತ್ತಿತ್ತು. "ನಿಮ್ಮ ಹೆಸರೇನು?" ಎಂದು ಕೇಳಿತು ಆ ಕಡೆಯ ದನಿ. ಟೈಪಕ್ಕ ಎನ್ನಲು ಹೋಗಿ, ತಡೆದು, ಹಾಜರಿ ಪುಸ್ತಕದಲ್ಲಿದ್ದ ಹೆಸರು ಹೇಳಿದಳು. ಇರಿ, ಬರ್ಕೊಳ್ತೀನಿ, ಎಂದಳು ಹೊಲಿಗೆಯವಳು. ಬಾತ ಬೆರಳಲ್ಲಿ ಪೆನ್ಸಿಲು ಹಿಡಿದು ಬರೆ ಎಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ಮತ್ತೊಮ್ಮೆ ಹೇಳಿ ಎಂದಳು. ಮತ್ತೊಮ್ಮೆ ಹೇಳಿದಳು. ಹೊಲಿಗೆಯವಳು ಅಕ್ಷರ ಅಕ್ಷರವಾಗಿ ಹೆಸರನ್ನು ಓದಿ ಖಚಿತಪಡಿಸಿಕೊಂಡು ಫೋನು ಇಟ್ಟಳು.

ರಿಸೀವರ್ ಕೆಳಗಿಡುವಷ್ಟರಲ್ಲಿ ಪರದೆಯ ಮೇಲೆ ಅಕ್ಷರಗಳು ಬಂದು ಕೂತಿದ್ದವು. ಫೋನು ಗಿಳಿಗೆ ಜೋಡಿಸಿದ್ದು ಅವಳಿಗೆ ಮರೆತೇ ಹೋಗಿತ್ತು. ಅಥವಾ ಮರೆತಿರಲಿಲ್ಲವೋ, ಈಗ ಅವಳಿಗೆ ತನ್ನ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಮೇಲಿನ ಸಾಲಿನಲ್ಲಿ, ಡಾಕ್ಟರೇ ಹೇಳಿ ಕಳಿಸಿದ್ದಾರೆ ಎಂಬ ಸುಳ್ಳು. ಕೆಳಗೆ ಉಳಿದದ್ದೆಲ್ಲ. ನೆನಪು ಹೋಗ್ತಾ ಇದೆ, ಎಂಟು ವರ್ಷ ಆಯ್ತು. ಗೊತ್ತಿದ್ದೂ ಸರಿ ಅಂತ ಒತ್ತಿದೆ. ಸಿಟ್ಟಿತ್ತು. ಕೊನೆಯಲ್ಲಿ ಅವಳ ಹೆಸರು, ಎರಡು ಸಲ. ಸರಿ ಒತ್ತಿದರೆ ಅದು ಹೊಲಿಗೆಯವಳ ಕಡತಕ್ಕೆ ಸೇರುತ್ತದೆ, ಅಲ್ಲಿಂದ ಎರಡನೇ ಮಹಡಿಗೆ ಹೋಗುತ್ತದೆ. ಒತ್ತುವವರೆಗೆ ಈ ಕೋಣೆಯಲ್ಲಷ್ಟೇ ಇರುತ್ತದೆ. ಕಿಟಕಿಯಾಚೆ ಒಂದು ಜೊತೆ ಕಾಲು ನಿಧಾನವಾಗಿ ನಡೆದುಹೋಯಿತು. ಫೋನು ಬಡಿದುಕೊಳ್ಳತೊಡಗಿತು, ಮೂರನೇ ಮಹಡಿಯ ನಂಬರು, ದೊಡ್ಡ ಡಾಕ್ಟರದು. ಅದು ಬಡಿದುಕೊಳ್ಳುತ್ತಿರಲು ಬಿಟ್ಟು ಅವಳು ಇನ್ನೊಂದು ಸಲ ಮೇಲಿನಿಂದ ಕೆಳಗಿನವರೆಗೆ ಓದಿದಳು. ಗಿಳಿ ಒಂದು ಮಾತೂ ಬಿಟ್ಟಿರಲಿಲ್ಲ, ಒಂದು ಮಾತೂ ಸೇರಿಸಿರಲಿಲ್ಲ. ತಿದ್ದುವಂಥದ್ದು ಏನೂ ಇರಲಿಲ್ಲ. ಸರಿ ಒತ್ತಿದಳು.